ಇಳಿಜಾರಿನಲ್ಲಿ ಉರುಳಿದ ಉಣ್ಣೆ

ಆಸ್ಪತ್ರೆಯಲ್ಲಿ ಅವಳ ಕೆಲಸ ಎಕ್ಸ್-ರೇ ತೆಗೆಯುವುದು. ಹಾಗಾಗಿ ಬೀದಿಗೆಲ್ಲ ಅವಳು ಎಕ್ಸ್-ರೇ ಅಕ್ಕ. ಬೆಳಗಿನಿಂದ ಸಂಜೆಯವರೆಗೆ ಮಬ್ಬು ಕೋಣೆ, ತಣ್ಣನೆಯ ಮೇಜು, ಮುರಿದ ಮಣಿಕಟ್ಟು, ಜರುಗಿದ ಬೆನ್ನುಮೂಳೆ. ದಿನವಿಡೀ ಮೂಳೆ ನೋಡಿ ಮನೆಗೆ ಬಂದರೆ, ಕೈಗೆ ಏನಾದರೂ ಮೆತ್ತಗಿನದು ಸಿಕ್ಕರೆ ಸಾಕಪ್ಪ ಎನಿಸುತ್ತಿತ್ತು ಅವಳಿಗೆ.

ಸಿಕ್ಕಿದ್ದು ಹೀಗೆ. ಕಾಲು ಮುರಿದುಕೊಂಡು ಬಂದಿದ್ದ ಕುರಿ ಸಾಕುವವನೊಬ್ಬ ಪ್ಲಾಸ್ಟರ್ ಬಿಚ್ಚಿಸಿಕೊಂಡ ಖುಷಿಗೆ ಒಂದು ಚೀಲ ಉಣ್ಣೆ ತಂದು ಅವಳ ಮುಂದಿಟ್ಟ. "ಇದನ್ನ ತಗೊಂಡು ನಾನೇನಪ್ಪ ಮಾಡ್ಲಿ?" ಎಂದು ಅವಳು ಕೇಳುವಷ್ಟರಲ್ಲಿ ವಾಸಿಯಾದ ಕಾಲಿನ ಉತ್ಸಾಹದಲ್ಲಿ ಗೇಟು ದಾಟಿಬಿಟ್ಟಿದ್ದ.

ಉಣ್ಣೆಯನ್ನು ಮನೆಗೆ ತಂದಳು. ತೊಳೆದಳು, ಒಣಗಿಸಿದಳು, ಬೆರಳಲ್ಲೇ ಹಿಂಜಿದಳು. ಗುಂಡಗಿನ ಮರದ ಬಿಲ್ಲೆಗೆ ಕಡ್ಡಿ ಸಿಕ್ಕಿಸಿ ತಕಲಿ ಮಾಡಿಕೊಂಡು ತಿರುಗಿಸಿದಳು. ಎಳೆ ಕಿತ್ತುಹೋಯಿತು. ಮತ್ತೆ ತಿರುಗಿಸಿದಳು, ಮತ್ತೆ ಕಿತ್ತಿತು. ಊಟದ ಹೊತ್ತು ಮೀರಿ ಗಂಡ ಅಡುಗೆಮನೆಯ ಕಡೆ ಆಸೆಯಿಂದ ನೋಡುತ್ತಿದ್ದಾಗ, ಇದ್ದಕ್ಕಿದ್ದಂತೆ ಅವಳು ಕುರ್ಚಿಯಿಂದ ಜಿಗಿದೆದ್ದಳು.

"ರೀ! ನೂಲು! ನೂಲು ಬಂತು ರೀ!"

ಒಂದು ಕಡೆ ಹಗ್ಗದಷ್ಟು ದಪ್ಪ, ಇನ್ನೊಂದು ಕಡೆ ಜೇಡನ ಎಳೆಯಷ್ಟು ಸಣ್ಣ. ಆದರೂ ನೂಲು ನೂಲೇ. ಅವತ್ತು ಅಡುಗೆ ಆಗಲಿಲ್ಲ. ಇಬ್ಬರೂ ಬ್ರೆಡ್ಡು ತಿಂದು ಮಲಗಿದರು.

ಗಂಡ ಗಡಿಯಾರ ರಿಪೇರಿ ಮಾಡುವವನು. ಮುಂದಿನ ಕೋಣೆಯಲ್ಲೇ ಅವನ ಮೇಜು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಸಾಸಿವೆಗಿಂತ ಚಿಕ್ಕ ತಿರುಪುಗಳು. ಉಣ್ಣೆಯ ನವಿರು ಕೂದಲಿಗೆ ಹಾರಲು ಗಾಳಿಯೂ ಬೇಡ. ಒಂದು ದಿನ ಅವನು ಯಾರದೋ ಕೈಗಡಿಯಾರ ಬಿಚ್ಚಿ, ಹಾಗೇ ಅವಳ ಮೂಗಿನ ಹತ್ತಿರ ಹಿಡಿದ. ಹಲ್ಲುಗಾಲಿಗೆ ಬಿಳಿ ಗುಂಗುರು ಸುತ್ತಿಕೊಂಡಿತ್ತು.

"ನೋಡು. ಗಡಿಯಾರಕ್ಕೆ ಗಡ್ಡ ಬಂದಿದೆ."

"ಅಯ್ಯೋ."

"ಅಯ್ಯೋ ಅಂದ್ರೆ ಆಯ್ತಾ? ಈ ಮನೇಲಿ ಉಣ್ಣೆ ಇರ್ಬೇಕು, ಇಲ್ಲ ನಾನಿರ್ಬೇಕು."

ಅವಳು ಗಲ್ಲಕ್ಕೆ ಕೈಯಿಟ್ಟುಕೊಂಡು ಒಮ್ಮೆ ಉಣ್ಣೆಯನ್ನು, ಒಮ್ಮೆ ಅವನನ್ನು ನೋಡಿದಳು.

"ಏನು, ಯೋಚ್ನೆ ಬೇರೆ ಮಾಡ್ತಿದೀಯಾ!"

ಅವಳಿಗೆ ನಗು ತಡೆಯಲಾಗಲಿಲ್ಲ. ಅವಳನ್ನು ನೋಡಿ ಅವನಿಗೂ ಬಂತು. ನಕ್ಕು ಮುಗಿದ ಮೇಲೂ ಗಡಿಯಾರದ ಗಡ್ಡ ಅಲ್ಲೇ ಇತ್ತು. ಉಣ್ಣೆಗೆ ಬೇರೆ ಜಾಗ ಹುಡುಕಲೇಬೇಕಾಯಿತು.

ಜಾಗ ತೋರಿಸಿದವಳು ಬೀದಿಯ ಮೇಲ್ತುದಿಯಲ್ಲಿದ್ದ ಬೇಕರಿಯವಳು. "ಭಾನುವಾರ ನಮ್ಮ ಮೇಲಿನ ರೂಮಿಗೆ ಬನ್ನಿ ಅಕ್ಕ. ಅಲ್ಲಿರೋರೆಲ್ಲ ನಿಮ್ಮಂಥವ್ರೇ."

"ನನ್ನಂಥವ್ರು ಅಂದ್ರೆ?"

"ತಲೆ ಕೆಟ್ಟವ್ರು."

ಹೋದಳು. ಕೆಳಗಿನ ಒಲೆಯ ಕಾವಿಗೆ ಆ ಕೋಣೆಯ ನೆಲ ಬೆಚ್ಚಗಿತ್ತು. ಹತ್ತಾರು ಜನ ಚಕ್ಕಳಮಕ್ಕಳ ಹಾಕಿ ಕೂತು, ವಾರವಿಡೀ ಮಾಡಿದ್ದನ್ನು ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ಹೆಚ್ಚಿನವರದು ನೂಲು. ಇನ್ನು ಕೆಲವರದು ಫೆಲ್ಟು: ಉಣ್ಣೆಯನ್ನು ಬಿಸಿ ಸೋಪುನೀರಲ್ಲಿ ನೆನೆಸಿ ತಿಕ್ಕಿ ತಿಕ್ಕಿ, ಎಳೆಗಳು ಒಂದನ್ನೊಂದು ಕಚ್ಚಿಕೊಂಡು ದಪ್ಪ ಬಟ್ಟೆಯಂತಾಗುವವರೆಗೆ ಬಿಡದೆ ಮಾಡುವ ಕೆಲಸ. ಹಲ್ಲಿನ ಡಾಕ್ಟರು ಬೇರುಸಮೇತ ಒಂದು ದವಡೆ ಹಲ್ಲನ್ನು ಫೆಲ್ಟಿನಲ್ಲಿ ಮಾಡಿ ತಂದಿದ್ದರು, ದಿಂಬಿನಷ್ಟು ದೊಡ್ಡದು. ಬೇಕರಿಯವಳು ಒಂದು ಬನ್ನು ಮಾಡಿದ್ದಳು. ತಮಾಷೆಗೆಂದು ಅದನ್ನು ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ, ಗಿರಾಕಿಯೊಬ್ಬರು ಆರಿಸಿ ತೆಗೆದು ಕಚ್ಚಿಯೇ ಬಿಟ್ಟಿದ್ದರಂತೆ. "ನಿನ್ನೆದಾ ಇದು?" ಎಂದಷ್ಟೇ ಕೇಳಿದರಂತೆ.

ಎಕ್ಸ್-ರೇ ಅಕ್ಕ ನಾಚುತ್ತಾ ತನ್ನ ನೂಲನ್ನು ಚೀಲದಿಂದ ತೆಗೆದಳು. ಹಲ್ಲಿನ ಡಾಕ್ಟರು ಅದನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದರು.

"ಆಹಾ! ಎಂಥ ಅಂಕುಡೊಂಕು! ನಾವೀಗ ಬೇಕು ಅಂದ್ರೂ ಹೀಗೆ ನೂಲೋಕಾಗಲ್ಲಮ್ಮ. ಕೈ ಪಳಗಿ ಕೆಟ್ಟುಹೋಗಿದೆ."

ಎಲ್ಲರೂ ಮುಟ್ಟಿದರು, ಕೆನ್ನೆಗೆ ಒತ್ತಿಕೊಂಡರು. ಹಾಗೆ ಹೊಗಳಿಸಿಕೊಂಡ ಹೆಂಗಸು ಮನೆಗೆ ನಡೆದು ಬಂದಳೋ ಹಾರಿ ಬಂದಳೋ ಅವಳಿಗೇ ನೆನಪಿಲ್ಲ.

ಕೆಲವು ತಿಂಗಳಲ್ಲಿ ಗುಂಪಿನ ತಲೆಕೆಟ್ಟವರಲ್ಲೆಲ್ಲ ಅವಳೇ ಮೊದಲಿಗಳಾದಳು. ಆ ಕೋಣೆಗೊಂದು ಜಮಖಾನ ಮಾಡೋಣ, ಗೋಡೆಯಿಂದ ಗೋಡೆಗೆ, ಎಲ್ಲರ ಉಣ್ಣೆ ಸೇರಿಸಿ, ಒಂದೇ ತುಂಡು ಎಂದು ಎದ್ದು ನಿಂತವಳೂ ಅವಳೇ. ಭಾನುವಾರ ಬೆಳಿಗ್ಗೆ ಬೇಕರಿಯ ಹಿತ್ತಲಲ್ಲಿ ದೊಡ್ಡ ಚಾಪೆ ಹಾಸಿದರು. ಬಿಳಿ, ಕಂದು, ಕಪ್ಪು ಉಣ್ಣೆಯನ್ನು ಪದರ ಪದರವಾಗಿ ಹರಡಿದರು. ಬಿಸಿ ಸೋಪುನೀರು ಸುರಿದು, ಚಾಪೆಸಮೇತ ಉದ್ದನೆಯ ಪೈಪಿಗೆ ಸುತ್ತಿ ಹಗ್ಗ ಬಿಗಿದರು. ಇನ್ನು ಅದನ್ನು ಹಿಂದೆ ಮುಂದೆ ಉರುಳಿಸುತ್ತಲೇ ಇರಬೇಕು. ಸ್ವಲ್ಪ ಹೊತ್ತಿಗೇ ಹಲ್ಲಿನ ಡಾಕ್ಟರು ಸೊಂಟ ಹಿಡಿದುಕೊಂಡು ಕೂತರು.

"ಇದನ್ನ ಉರುಳಿಸೋಕೆ ಆನೆ ಬೇಕಮ್ಮ."

"ಆನೆ ಯಾಕೆ ಸಾರ್? ಹೊರಗೆ ಅಷ್ಟುದ್ದ ಇಳಿಜಾರಿದೆ," ಎಂದಳು ಎಕ್ಸ್-ರೇ ಅಕ್ಕ.

ಪೈಪಿನ ಎರಡೂ ತುದಿಗೆ ಹಗ್ಗ ಕಟ್ಟಿ, ಹಿಂದಿನಿಂದ ಹಿಡಿದುಕೊಂಡು ಮೆಲ್ಲಗೆ ಬಿಡುವುದು ಎಂದು ತೀರ್ಮಾನವಾಯಿತು. ಸುರುಳಿಯನ್ನು ಬೀದಿಗೆ ತಂದರು. ಒಂದು ಹಗ್ಗ ಅಕ್ಕನ ಕೈಯಲ್ಲಿ, ಇನ್ನೊಂದು ಬೇಕರಿಯವಳ ಕೈಯಲ್ಲಿ. ಆದರೆ ಇಬ್ಬರ ಕೈಗೂ ಸೋಪು ಮೆತ್ತಿತ್ತು.

ಸುರುಳಿ ಮೊದಲು ಗಂಭೀರವಾಗಿ ಉರುಳಿತು. ಆಮೇಲೆ ಹಗ್ಗ ಸರ್ರನೆ ಜಾರಿತು.

"ಹಿಡೀರೀ! ಹಿಡೀರಿ ಅದನ್ನ!"

ಮುಂದೆ ನೊರೆ ಕಕ್ಕುತ್ತಾ ಸುರುಳಿ, ಹಿಂದೆ ಬರಿಗಾಲಲ್ಲಿ ಇಡೀ ಗುಂಪು. ಕ್ಷೌರದಂಗಡಿಯವನು ಗುಡಿಸಿ ಹೊರಹಾಕಿದ್ದ ಕೂದಲ ಮೇಲೆ ಅದು ಹಾದುಹೋಯಿತು. ಮುಖಕ್ಕೆ ನೊರೆ ಹಚ್ಚಿಸಿಕೊಂಡಿದ್ದ ಗಿರಾಕಿ ಬಾಗಿಲಿಗೆ ಬಂದು, ಬೀದಿಗೂ ನೊರೆ ಹಚ್ಚಿದ್ದನ್ನು ಕಂಡು ದಂಗಾದ. ಗಡಿಯಾರದ ಗಂಡ ಭೂತಗನ್ನಡಿಯನ್ನು ಹಣೆಗೇರಿಸಿಕೊಂಡು ಆಚೆ ಬಂದ. ಹೆಂಡತಿ ಕಣ್ಣೆದುರೇ ಹಾದುಹೋದಳು.

"ಎಲ್ಲಿಗೇ?"

"ಗೊತ್ತಿಲ್ಲಾ ರೀ!" ಎಂದಳು ಅವಳು. ಆಗ ಅವಳ ಮುಖದಲ್ಲಿದ್ದಂಥ ಆನಂದವನ್ನು ಮದುವೆಯ ದಿನವೂ ಕಂಡಿರಲಿಲ್ಲ ಎಂದು ಅವನು ಆಮೇಲೆ ಹೇಳುತ್ತಿದ್ದ.

ಕೆಳಗಿನ ವೃತ್ತದಲ್ಲಿ ಟ್ರಾಫಿಕ್ ಪೊಲೀಸಪ್ಪ ನಿಂತಿದ್ದ. ಸುರುಳಿಯನ್ನು ಕಂಡು ಸೀಟಿ ಊದಿದ. ನಿಲ್ಲಲಿಲ್ಲ. ಕೈ ಅಡ್ಡ ಹಿಡಿದ. ಆಗಲೂ ನಿಲ್ಲಲಿಲ್ಲ. ಕೊನೆಗೆ ಅದು ಅವನ ಮೊಣಕಾಲಿಗೆ ಮೆತ್ತಗೆ ಬಡಿಯಿತು. ಅವನು ಅದರ ಮೇಲೆಯೇ ಪಚಕ್ಕನೆ ಕೂತ. ಹಾಗೆ ನಿಂತಿತು.

"ಯಾರ್ದಿದು ಗಾಡಿ?"

"ಗಾಡಿ ಅಲ್ಲ ಸಾರ್, ಜಮಖಾನ," ಎಂದಳು ಅಕ್ಕ ಏದುಸಿರು ಬಿಡುತ್ತಾ. "ಇನ್ನೂ ಆಗಿಲ್ಲ. ಉರುಳಿದಷ್ಟೂ ಗಟ್ಟಿಯಾಗುತ್ತೆ."

ಪೊಲೀಸಪ್ಪ ಒದ್ದೆಯಾದ ಪ್ಯಾಂಟು ನೋಡಿಕೊಂಡ. ಚಾಪೆಯ ಅಂಚು ಸರಿಸಿ ಒಳಗಿನ ಉಣ್ಣೆಯನ್ನು ಮುಟ್ಟಿದ. ಮತ್ತೊಮ್ಮೆ ಮುಟ್ಟಿದ.

"ಎಲ್ಲಿ ಗಟ್ಟಿಯಾಗಿದೆ? ಇನ್ನೂ ಹಸಿ ಇದೆ ಇದು," ಎಂದವನೇ ಎದ್ದು ಬೀದಿಯ ವಾಹನಗಳನ್ನೆಲ್ಲ ತಡೆದು ನಿಲ್ಲಿಸಿದ. "ಹ್ಞೂಂ, ಮೇಲಕ್ಕೆ ತಳ್ಳಿ! ಇನ್ನೊಂದ್ಸಲ ಬಿಡಿ!"

ಆ ಬೆಳಿಗ್ಗೆ ಸುರುಳಿ ಎಷ್ಟು ಸಲ ಮೇಲೆ ಹೋಗಿ ಕೆಳಗೆ ಬಂತೋ ಲೆಕ್ಕವಿಟ್ಟವರಿಲ್ಲ. ಅರ್ಧ ಮುಖ ಬೋಳಿಸಿಕೊಂಡವನೂ ತಳ್ಳಿದ, ಗಡಿಯಾರದ ಗಂಡನೂ ತಳ್ಳಿದ. ನಿಂತ ಬಸ್ಸಿನಿಂದ ಇಳಿದು ಬೈಯಲು ಬಂದವರೂ ತೋಳು ಮಡಚಿ ತಳ್ಳಿದರು.

ಬಿಚ್ಚಿ ನೋಡಿದರೆ ಜಮಖಾನ ಮರದ ಹಲಗೆಯಷ್ಟು ಗಟ್ಟಿ. ಆದರೆ ಗೋಡೆಯಿಂದ ಗೋಡೆಗೆ ಬರಬೇಕಿದ್ದದ್ದು ಕುಗ್ಗಿ ಕುಗ್ಗಿ ಕೋಣೆಯ ಅರ್ಧಕ್ಕೆ ಇಳಿದಿತ್ತು. ಚಾಪೆಯಿಂದ ಹೊರಚಾಚಿದ್ದ ಅಂಚಿನಲ್ಲಿ ಕ್ಷೌರದಂಗಡಿಯ ಕೂದಲು, ಎರಡು ಒಣ ಎಲೆ, ಒಂದು ಬಸ್ ಟಿಕೆಟ್ಟು, ಯಾರದೋ ಅಂಗಿಯ ಗುಂಡಿ ಕಚ್ಚಿಕೊಂಡಿದ್ದವು. ಕೀಳಲು ಹೋದರೆ ಬರಲಿಲ್ಲ.

"ಬಿಡಿ, ಇರ್ಲಿ. ಚೆನ್ನಾಗೇ ಇದೆ," ಎಂದಳು ಅಕ್ಕ.

ಮುಂದಿನ ಭಾನುವಾರ ಎಲ್ಲರೂ ಅದರ ಮೇಲೆ ಮೈಗೆ ಮೈ ತಾಗಿಸಿ ಕೂತಿದ್ದಾಗ, ಚೌಕುಳಿ ಅಂಗಿ ತೊಟ್ಟವನೊಬ್ಬ ಬಾಗಿಲಲ್ಲಿ ಬಂದು ನಿಂತ. ಸಮವಸ್ತ್ರವಿಲ್ಲದ ಪೊಲೀಸಪ್ಪನ ಗುರುತು ಯಾರಿಗೂ ಹತ್ತಲಿಲ್ಲ. ಅವನು ಜೇಬಿನಿಂದ ಪೆನ್ನೊಂದನ್ನು ತೆಗೆದ. ಅದಕ್ಕೆ ಬೆರಳುದ್ದದ ನೂಲು ಸುತ್ತಿತ್ತು. ಅವತ್ತು ಪ್ಯಾಂಟಿಗೆ ಅಂಟಿದ್ದ ಉಣ್ಣೆಯಿಂದ ತಾನೇ ಹೊಸೆದದ್ದಂತೆ.

ಇಡೀ ಕೋಣೆ ಹೋ ಎಂದಿತು. "ಎಡಗೈಲಿ ಎಳೆಯಿರಿ!" ಎಂದರು ಹಲ್ಲಿನ ಡಾಕ್ಟರು. "ಬಲಗೈಲಿ!" ಎಂದಳು ಬೇಕರಿಯವಳು. ಅಕ್ಕ ತನ್ನ ತಕಲಿಯನ್ನೇ ಅವನ ಕೈಗೆ ತುರುಕಿ, "ಯಾರ ಮಾತೂ ಕೇಳ್ಬೇಡಿ, ತಿರುಗ್ಸಿ!" ಎಂದಳು.

"ಒಬ್ಬೊಬ್ರಾಗಿ ಹೇಳ್ರೀ, ಒಬ್ಬೊಬ್ರಾಗಿ!" ಎಂದು ಅವನು ಅಭ್ಯಾಸಬಲದಿಂದ ಎರಡೂ ಕೈ ಎತ್ತಿದ. ತಕಲಿ ಕೆಳಗೆ ಬಿದ್ದು ಮೂಲೆಯಲ್ಲಿದ್ದ ಬೆಂಚಿನಡಿ ಉರುಳಿತು. ಅದನ್ನು ಹುಡುಕಲು ಎಲ್ಲರೂ ಒಟ್ಟಿಗೇ ಅಂಬೆಗಾಲಿಟ್ಟರು. ತಲೆಗೆ ತಲೆ ಡಿಕ್ಕಿ ಹೊಡೆದು, ನಗು ಶುರುವಾಗಿ, ತಕಲಿ ಸಿಗುವುದು ತೀರ ತಡವಾಯಿತು.