ಕಡಲಿನ ಮೇಲೆ ಹೊರಿಸಿದ ಉಪ್ಪು

ಶೇವಂತಿ ಚಿಕ್ಕಿಯ ಬಾವಿ ಉಪ್ಪಾದದ್ದು ನಮ್ಮ ಸಿಗಡಿ ಕೆರೆಯಿಂದ. ಕಡಲಿನಿಂದ ಅಲ್ಲ. ಅದು ನನಗೆ ಗೊತ್ತಿತ್ತು — ಗೊತ್ತಿದ್ದೂ ಊರವರ ಎದುರು ಎದ್ದು ನಿಂತು ಕಡಲಿನ ಮೇಲೆ ಹೊರಿಸಿದೆ. ಇಷ್ಟು ಹೇಳಲು ಇಷ್ಟು ವರ್ಷ ತೆಗೆದುಕೊಂಡೆ. ಹೇಳಿದರೆ ಹಗುರಾಗುತ್ತೇನೆ ಎಂಬ ಆಸೆಯೂ ಈಗ ಉಳಿದಿಲ್ಲ. ದಣಿದಿದ್ದೇನೆ, ಅಷ್ಟೇ.

ನಮ್ಮ ಮನೆ ಅಂಕೋಲೆಯ ಕೇಣಿಯ ಹತ್ತಿರ, ಹಳ್ಳ ಕಡಲು ಸೇರುವಲ್ಲಿ. ಶೇವಂತಿ ಚಿಕ್ಕಿ ಪಕ್ಕದ ಮನೆಯವಳು. ಸಂಬಂಧಿಯಲ್ಲ, ಆದರೆ ಮಾತು ಬಂದಂದಿನಿಂದ ನಾನು ಚಿಕ್ಕಿ ಎಂದೇ ಕರೆದವಳು. ಗಂಡ ತೀರಿಕೊಂಡ ಮೇಲೆ ಹಿತ್ತಲಿನಲ್ಲಿ ಹರಿವೆ, ಬದನೆ, ಮೂಲಂಗಿ ಬೆಳೆದು, ಅಂಕೋಲೆ ಪೇಟೆಯಲ್ಲಿ ಮಾರಿ ಮಗಳು ರೇಖಾಳನ್ನು ಸಾಕಿದ್ದಳು. ನನ್ನ ಅಮ್ಮ ಟೈಫಾಯಿಡ್ ಬಂದು ಆಸ್ಪತ್ರೆಯಲ್ಲಿದ್ದಾಗ ನಾನು ಉಂಡದ್ದು ಅವಳ ಮನೆಯಲ್ಲಿ. ಶಾಲೆಗೆ ಹೋಗುವ ಮುಂಚೆ ರೇಖಾಳಿಗೂ ನನಗೂ ಒಂದೇ ಬಾಚಣಿಗೆಯಲ್ಲಿ ಜಡೆ ಹಾಕುತ್ತಿದ್ದಳು.

ಎರಡು ಸಾವಿರದ ಇಸವಿ ಕಳೆದು ಕೆಲವೇ ವರ್ಷಗಳಾಗಿದ್ದವು. ನಾನು ದಿನಾ ಬಸ್ಸಿನಲ್ಲಿ ಕಾರವಾರದ ಕಾಲೇಜಿಗೆ ಹೋಗುತ್ತಿದ್ದೆ. ಪದವಿಯಲ್ಲಿ ನನ್ನ ಮುಖ್ಯ ವಿಷಯ ಪರಿಸರ ವಿಜ್ಞಾನ. ಓಝೋನ್ ಪದರ, ಕರಗುವ ಹಿಮ, ಮುಳುಗಲಿರುವ ದ್ವೀಪಗಳು... ಬಸ್ಸು ಅಮದಳ್ಳಿ ದಾಟುವಾಗ ಕಿಟಕಿಗೆ ತಲೆಯಾನಿಸಿ, ಎಂದೂ ನೋಡದ ಆ ದ್ವೀಪಗಳ ಜನರಿಗಾಗಿ ಕಣ್ಣೀರು ಹಾಕಿದ್ದೇನೆ. ಅದು ನಾಟಕವಾಗಿರಲಿಲ್ಲ. ಅದಕ್ಕೇ ಮುಂದಿನದ್ದನ್ನು ಹೇಳಲು ಹೆಚ್ಚು ನಾಚಿಕೆ.

ಆಗಲೇ ಅಪ್ಪ ನಮ್ಮ ತಗ್ಗಿನ ಗದ್ದೆಯನ್ನು ಅಗೆಸಿ ಸಿಗಡಿ ಕೆರೆ ಮಾಡಿದ್ದ. ಮೊದಲು ಅಲ್ಲಿ ಮಳೆಗಾಲದಲ್ಲಿ ಭತ್ತ ಬೆಳೆಯುತ್ತಿತ್ತು. ಈಗ ಪಂಪು ಹಚ್ಚಿ ಹಳ್ಳದ ಉಪ್ಪುನೀರು ಎಳೆದು ನಿಲ್ಲಿಸುತ್ತಿದ್ದ. ಕೆರೆಯ ದಂಡೆಗೆ ತಾಗಿಯೇ ಚಿಕ್ಕಿಯ ಹಿತ್ತಲು. ನನ್ನ ಓದು ನಡೆದದ್ದು ಆ ಸಿಗಡಿಯಿಂದಲೇ.

ಎರಡನೆಯ ಬೇಸಿಗೆಯಲ್ಲಿ ಚಿಕ್ಕಿಯ ಬಾವಿಯ ನೀರು ಕೆಟ್ಟಿತು. "ಬೇಳೆನೇ ಬೇಯೂದಿಲ್ಲ ಮಾರಾಯ್ತಿ" ಎಂದು ಅಮ್ಮನ ಹತ್ತಿರ ನಗುತ್ತಲೇ ಹೇಳಿದಳು. ಆಮೇಲೆ ಹರಿವೆಯ ಎಲೆಯ ಅಂಚು ಸುಟ್ಟಂತಾಯಿತು. ಆಮೇಲೆ ಅವಳು ನಗುವುದನ್ನು ಬಿಟ್ಟಳು.

ನಾನು ಕಾಲೇಜಿನಲ್ಲಿ ಮೇಷ್ಟರನ್ನು ಕೇಳಿದೆ — ಬಾವಿಯ ಪಕ್ಕದಲ್ಲಿ ಉಪ್ಪುನೀರಿನ ಕೆರೆ ಇದ್ದರೆ ಏನಾಗುತ್ತದೆ, ಸರ್? ಅವರು ತಡಮಾಡಲಿಲ್ಲ. "ಕೆರೆಯ ಉಪ್ಪು ಬಾವಿಗೆ ಇಳಿಯುತ್ತದೆ. ಯಾವ ಊರಿನಲ್ಲಿ?" ಎಂದರು. ಸುಮ್ಮನೆ ಕೇಳಿದೆ ಸರ್ ಎಂದೆ. ಆ ದಿನ ಬಸ್ಸಿನಲ್ಲಿ ಯಾವ ದ್ವೀಪವೂ ನೆನಪಾಗಲಿಲ್ಲ.

ಚಿಕ್ಕಿ ಪಂಚಾಯತಿಗೆ ದೂರು ಕೊಟ್ಟಳು. ಒಂದು ರವಿವಾರ ಶಾಲೆಯ ಜಗಲಿಯಲ್ಲಿ ಜನ ಸೇರಿದರು. ಹೊರಡುವ ಮುಂಚೆ ಅಪ್ಪ ನನಗೆ ಹೇಳಿದ್ದು ಇಷ್ಟೇ: "ನೀ ಎಂತದೂ ಹೇಳೂಕೆ ಹೋಗ್ಬೇಡ. ಕೇಳಿದ್ರೆ ಗೊತ್ತಿಲ್ಲ ಅನ್ನು." ಸುಳ್ಳು ಹೇಳು ಎಂದು ಅಪ್ಪ ಹೇಳಿರಲಿಲ್ಲ. ಇದನ್ನು ಬರೆಯಲೇಬೇಕು — ಎಷ್ಟೋ ವರ್ಷ ನಾನು ಎಲ್ಲವನ್ನೂ ಅಪ್ಪನ ತಲೆಗೆ ಕಟ್ಟಿಯೇ ಬದುಕಿದ್ದೇನೆ.

ಮಾತಿಗೆ ಮಾತು ಬೆಳೆಯಿತು. ಕೆರೆಯಿಂದಲೇ ಎಂದು ಕೆಲವರು, ಅಲ್ಲ ಎಂದು ಕೆಲವರು. ಪಂಚಾಯತಿ ಸದಸ್ಯ ಬೀರಣ್ಣ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ಆಗ ಎದ್ದವಳು ಚಿಕ್ಕಿ.

"ನಮ್ಮ ಸುಮಾನ್ನೇ ಕೇಳಿ. ಅದು ಇದನ್ನೇ ಓದ್ತದೆ ಅಲಾ? ಅದು ಹೆಂಗೆ ಹೇಳ್ತದೆ ಹಂಗೆ. ನಂದು ಮತ್ತೆ ಮಾತಿಲ್ಲ."

ನನ್ನ ಅಪ್ಪನ ವಿರುದ್ಧ ಸಾಕ್ಷಿಗೆ ಅವಳು ಕರೆದದ್ದು ನನ್ನನ್ನು. ಅಷ್ಟು ನಂಬಿಕೆ —

ಗೊತ್ತಿಲ್ಲ ಎನ್ನಬಹುದಿತ್ತು. ಎದ್ದು ನಿಂತೆ. ಹಿರಿಯರೆಲ್ಲ ನನ್ನ ಮುಖ ನೋಡುತ್ತಿದ್ದರು, ಯಾರೂ ಕೆಮ್ಮುತ್ತಿರಲಿಲ್ಲ. ಭೂಮಿ ಬಿಸಿಯಾಗುತ್ತಿದೆ ಎಂದೆ. ಹಿಮ ಕರಗಿ ಜಗತ್ತಿನ ಕಡಲುಗಳೆಲ್ಲ ಏರುತ್ತಿವೆ ಎಂದೆ. "ಕಡಲಿನ ಉಪ್ಪು ನೆಲದ ಅಡಿಯಿಂದ ಬರ್ತಾ ಇದೆ. ಕೆರೆ ಮುಚ್ಚಿದ್ರೂ ಅದು ನಿಲ್ಲೂದಿಲ್ಲ. ಇವತ್ತು ಚಿಕ್ಕಿ ಬಾವಿ, ನಾಳೆ ನಮ್ಮೆಲ್ಲರದೂ." ಕಡಲು ಏರುತ್ತಿರುವುದು ಸುಳ್ಳಲ್ಲ, ನಾನು ಓದಿದ್ದು ಸುಳ್ಳಲ್ಲ. ಆ ನಿಜವನ್ನೇ ತಂದು ಈ ಸುಳ್ಳಿನ ಮೇಲೆ ಹೊದಿಸಿದೆ. ಮತ್ತೆ... ಹೇಳುವಾಗ ನನಗೆ ಹೆದರಿಕೆ ಆಗಿರಲಿಲ್ಲ. ಹೆಮ್ಮೆಯಾಗಿತ್ತು. ಜನ ಅಷ್ಟು ಗಮನವಿಟ್ಟು ಕೇಳುವುದು ಹಿತವಾಗಿತ್ತು.

ರೇಖಾ ಒಬ್ಬಳೇ ಕೇಳಿದಳು: "ಹಂಗಾರೆ ಕಡಲ ಬದಿಗೇ ಇರೂ ಬಾವಿ ಎಂತಕ್ಕೆ ಸಿಹಿ ಅದೆ?"

"ನೆಲದ ಅಡಿಯ ನೀರಿನ ದಾರಿಯೇ ಬೇರೆ. ಓದಿದ್ರೆ ಗೊತ್ತಾಗ್ತದೆ" ಎಂದೆ. ಹತ್ತನೆಯ ತರಗತಿಗೆ ಓದು ಬಿಟ್ಟು ಅಮ್ಮನ ಜೊತೆ ತರಕಾರಿಗೆ ನೀರು ಹೊತ್ತವಳಿಗೆ ನಾನು ಹೇಳಿದ ಮಾತು ಇದು. ಯಾರೋ ನಕ್ಕರು. ರೇಖಾ ಕೂತಳು. ಚಿಕ್ಕಿ ಮಾತ್ರ ನನ್ನ ಹತ್ತಿರ ಬಂದು ಬೆನ್ನು ಸವರಿ, "ಕಡಲೇ ಬಂತು ಅಂದ್ರೆ ಯಾರ ಮೇಲೆ ಸಿಟ್ಟು ಮಾಡೂದು ಮಗಾ?" ಎಂದಳು.

ಮುಂದಿನದ್ದು ಬೇಗ ಆಯಿತು. ಹಿತ್ತಲು ಒಣಗಿತು. ರೇಖಾಳ ಮದುವೆ ಕಾಳಿ ಹೊಳೆಯ ದಂಡೆಯ ಚಿತ್ತಾಕುಲಕ್ಕೆ ಆಯಿತು. ಹೇಗೂ ಕಡಲು ನುಂಗುವ ಜಾಗ ಎಂದು ಚಿಕ್ಕಿ ಮನೆ, ಹಿತ್ತಲು ಎಲ್ಲವನ್ನೂ ಸಿಕ್ಕಿದ ಬೆಲೆಗೆ ಕೊಟ್ಟು ಮಗಳ ಮನೆ ಸೇರಿದಳು. ಕೊಂಡವನು ಅಪ್ಪ. ಕೆರೆ ಚಿಕ್ಕಿಯ ಬಾವಿಕಟ್ಟೆಯವರೆಗೂ ದೊಡ್ಡದಾಯಿತು. ಕೆಲವು ವರ್ಷಗಳಲ್ಲಿ ರೋಗ ಬಂದು ಸಿಗಡಿಯೆಲ್ಲ ಸತ್ತು ತೇಲಿದವು. ಅಪ್ಪ ಪಂಪು ಮಾರಿ ಕೆರೆಯನ್ನು ಹಾಗೇ ಬಿಟ್ಟ. ಅವನು ಹೋದ ಮೇಲೆ ಜಾಗ ನನ್ನ ಪಾಲಿಗೆ ಬಂತು. ಮಳೆಗಾಲದ ಮೇಲೆ ಮಳೆಗಾಲ ನೆಲವನ್ನು ತೊಳೆದವು. ಒಂದು ದಿನ ಆ ಹಳೆಯ ಬಾವಿಯಿಂದ ನೀರು ಸೇದಿ ಬಾಯಿಗೆ ಹಾಕಿದೆ. ಸಿಹಿ. ಕಡಲು ಇದ್ದಲ್ಲೇ ಇತ್ತು.

ಆಗಲೂ ತಕ್ಷಣ ಹೋಗಲಿಲ್ಲ. ಹೈಸ್ಕೂಲಿನ ಮಕ್ಕಳಿಗೆ ಪರಿಸರದ ಪಾಠ ಹೇಳುತ್ತಾ ದಿನ ತಳ್ಳಿದೆ. ಕಳೆದ ತಿಂಗಳು ಚಿತ್ತಾಕುಲಕ್ಕೆ ಹೋದೆ. ಬಾಗಿಲು ತೆರೆದವಳು ರೇಖಾ. ಅವಳು ಮೊದಲು ಹೇಳಿದ್ದು ಇದು: "ಅಮ್ಮಂಗೆ ಹುಣ್ಣಿಮೆ, ಅಮಾಸೆ ಬಂದ್ರೆ ನಿದ್ದಿಲ್ಲ. ಕಾಳಿ ಹೊಳೆಗೆ ಭರ್ತಿ ಬಂದು ನೀರು ಏರಿದ್ರೆ ಪಾತ್ರೆಯೆಲ್ಲ ಅಟ್ಟಕ್ಕೆ ಏರಿಸ್ತಾಳೆ. ಕಡಲು ಬರ್ತದೆ, ಸುಮಾ ಹೇಳಿದ್ದಳು ಅಂತಾಳೆ."

ನಾನು ಅಂಗಳದಲ್ಲೇ ನಿಂತುಬಿಟ್ಟೆ. ಮನೆ ಬಿಡಿಸಿದ್ದು ಗೊತ್ತಿತ್ತು. ಈ ಹೆದರಿಕೆಯನ್ನೂ ಕೊಟ್ಟು ಕಳಿಸಿದ್ದೆನೆಂದು ಗೊತ್ತಿರಲಿಲ್ಲ.

ಚಿಕ್ಕಿಯ ಎದುರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಮೇಷ್ಟರನ್ನು ಕೇಳಿದ್ದು, ಗೊತ್ತಿದ್ದೂ ಎದ್ದು ನಿಂತದ್ದು.

"ಹಂಗಾರೆ ನಾ ಮನೆ ಬಿಡೂದೇ ಬೇಕಿರ್ಲಿಲ್ಲ, ಹೌದನೇ?"

"ಬೇಕಿರ್ಲಿಲ್ಲ ಚಿಕ್ಕಿ."

ಜಾಗವನ್ನು ಅವಳ ಹೆಸರಿಗೆ ಮಾಡಿಕೊಡುತ್ತೇನೆ ಎಂದೆ. ರೇಖಾ ಒಳಗಿನಿಂದಲೇ, "ಈಗ ಅವಳಿಗೆ ಅಂಗಳ ಇಳಿಯೂಕೇ ಆಗೂದಿಲ್ಲ. ತಕಂಡು ಎಂತ ಮಾಡ್ತಾಳೆ?" ಎಂದಳು. ಆದರೂ ಮಾಡಿಕೊಡುತ್ತೇನೆ.

ಚಿಕ್ಕಿ ಬೇಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಬಯ್ಯಲೂ ಇಲ್ಲ. ಒಂದನ್ನು ಮಾತ್ರ ಕೇಳಿದಳು.

"ನನ್ನ ಬಾವಿ ಈಗ ಸಿಹಿ ಅದೆಯಾ?"

"ಸಿಹಿ ಅದೆ ಚಿಕ್ಕಿ."

ಆಗ ಅವಳು ಅತ್ತಳು. ನಾನು ಎದ್ದು ಹತ್ತಿರ ಹೋಗಲಿಲ್ಲ — ಆ ಬೆನ್ನು ಸವರುವ ಕೈ ನನ್ನದಾಗುವಂತಿರಲಿಲ್ಲ.