ಸಾವಕಾರರು ಜೇನುಹುಳವಾದದ್ದು

ಮರಿಲಿಂಗಮ್ಮ ಏನನ್ನಾದರೂ ಮರೆತಳು ಎಂಬ ಮಾತನ್ನು ಊರಲ್ಲಿ ಯಾರೂ ಕೇಳಿದವರಿಲ್ಲ. ತನ್ನ ಮದುವೆಯ ಊಟದಲ್ಲಿ ಅರ್ಧ ಹೋಳಿಗೆ ಬಡಿಸಿದ ಸೋದರಮಾವನನ್ನು ಆಕೆ ಇಪ್ಪತ್ತಾರು ವರ್ಷ ಕಳೆದ ಮೇಲೂ ‘ಅರ್ಧ ಹೋಳಿಗಿ ಮಾವ’ ಎಂದೇ ಕರೆಯುತ್ತಿದ್ದಳು. ಆತ ತೀರಿಕೊಂಡಾಗ ಮಣ್ಣಿಗೆ ಹೋಗಿ ಬಂದು, “ಅರ್ಧ ಹೋಳಿಗಿ ಮಾವ ಪೂರ್ತಿ ಹೋದ” ಎಂದು ಕಣ್ಣೊರೆಸಿಕೊಂಡಳು. ಗಂಡ ದ್ಯಾವಪ್ಪನಿಗೆ ನಿನ್ನೆ ಉಂಡದ್ದೂ ನೆನಪಿರುತ್ತಿರಲಿಲ್ಲ. ಹೀಗಾಗಿ ಸಂಸಾರ ಸಮವಾಗಿ ತೂಗಿಕೊಂಡು ನಡೆದಿತ್ತು.

ಅಂಥವಳ ಕೈಗೆ ಜಗದೇವಪ್ಪ ಸಾವಕಾರರು ಸಿಕ್ಕಿಬಿದ್ದದ್ದು ಕಾಲುವೆ ನೀರು ಬಂದ ಏಳೆಂಟು ವರ್ಷದ ಮೇಲೆ.

ದೋರನಹಳ್ಳಿಯಿಂದ ಎರಡು ಹರದಾರಿ ಆಚೆಗಿನ ಅವರ ಊರಿನ ಬೆನ್ನಿಗೆ ಕೆಂಚಗುಡ್ಡ. ಅದು ಗಾಯರಾಣ, ಊರ ದನ ಮೇಯಲು ಬಿಟ್ಟ ಜಾಗ, ಯಾರೊಬ್ಬರದೂ ಅಲ್ಲ, ಅಂದರೆ ಎಲ್ಲರದು. ಕಾಲುವೆ ಹಾದದ್ದು ಗುಡ್ಡದ ಕೆಳಗೆ. ಕೆಳಗಿನ ಎರೆಹೊಲಗಳು ಭತ್ತ, ಮೆಣಸಿನಕಾಯಿ ಎಂದು ಮೆರೆಯತೊಡಗಿದರೆ, ಗುಡ್ಡ ಕಲ್ಲು, ಬಾರಿಗಿಡ, ಸೀತಾಫಲ, ಮುತ್ತಲಗಿಡ ಎಂದು ತನ್ನ ಪಾಡಿಗೆ ತಾನಿತ್ತು. ಹುಣಸಗಿ ಕಡೆಯಿಂದ ಸೊಸೆಯಾಗಿ ಬಂದ ಮರಿಲಿಂಗಮ್ಮ, ಮುತ್ತಲ ಎಲೆ ತಂದು ಪತ್ರಾವಳಿ ಹಚ್ಚುವುದನ್ನು ಅತ್ತೆಯಿಂದ ಕಲಿತಳು. ಶಿವರಾತ್ರಿ ಕಳೆದ ಮೇಲೆ ಮನೆಗೊಬ್ಬರಂತೆ ಗುಡ್ಡಕ್ಕೆ ಹೋಗಿ, ಒಣಹುಲ್ಲು ಕಿತ್ತು, ತರಗು ಗುಡಿಸಿ, ಬೆಂಕಿ ದಾಟದಂತೆ ಸುತ್ತಲೂ ಎರಡು ಮಾರು ಅಗಲದ ಬಯಲು ಮಾಡುವುದನ್ನೂ ಕಲಿತಳು. ಆ ಕೆಲಸ ಮುಗಿಯಿತೆಂದರೆ ವಸಂತ ಬಂದಂತೆ. ಎಲೆಯೆಲ್ಲ ಉದುರಿಸಿದ ಮುತ್ತಲ ಮೈತುಂಬ ಕೆಂಪು ಹೊತ್ತು ನಿಲ್ಲುತ್ತಿತ್ತು. ಹೆಂಗಸರು ಹೂ ಆಯ್ದು ಓಕುಳಿಗೆ ಬಣ್ಣ ಕುದಿಸುತ್ತಿದ್ದರು. ಅತ್ತೆ ಸತ್ತ ಮೇಲೆ, ಯಾರ ಮನೆಯಿಂದ ಯಾರು ಬಂದಿಲ್ಲ ಎಂದು ಓಣಿ ಓಣಿ ತಿರುಗಿ ಕೂಗುವ ಅಧಿಕಾರವನ್ನು ಮರಿಲಿಂಗಮ್ಮ ತಾನೇ ವಹಿಸಿಕೊಂಡಳು. ಕೊಟ್ಟವರು ಯಾರೂ ಇಲ್ಲ. ಕಸಿದುಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ.

ಜಗದೇವಪ್ಪ ಕೆಟ್ಟವರೇನಲ್ಲ, ದೊಡ್ಡವರು, ಅಷ್ಟೇ. ಆ ದೊಡ್ಡತನ ಅವರ ಹೊಲದಲ್ಲಿ ಹಿಡಿಸುತ್ತಿರಲಿಲ್ಲ. ಒಂದು ಫಾಲ್ಗುಣದಲ್ಲಿ ಆಳುಗಳಿಂದ ಗುಡ್ಡದ ಇಳಿಜಾರಿಗೆ ಬೆಂಕಿ ಹಚ್ಚಿಸಿದರು. ಸುಟ್ಟ ಜಾಗದಲ್ಲಿ ಹನ್ನೊಂದು ಬಾಂದಗಲ್ಲು ನೆಡಿಸಿ, ಇದು ತಾವು ಸಾಗುವಳಿ ಮಾಡುತ್ತಿರುವ ಭೂಮಿ, ಪಟ್ಟಾ ಮಾಡಿಕೊಡಬೇಕು ಎಂದು ಶಹಾಪುರಕ್ಕೆ ಹೋಗಿ ಅರ್ಜಿ ಕೊಟ್ಟರು. ಮುತ್ತಲ ಸುಟ್ಟಿತು. ಬಂಡೆಯ ಕೆಳಗೆ ತೂಗುತ್ತಿದ್ದ ಹೆಜ್ಜೇನು ಹುಟ್ಟಿನ ಸಮೇತ ಕರಗಿ ಬಿತ್ತು.

ಸೀರೆಯ ಅಂಚಿಗೆ ಬೂದಿ ಮೆತ್ತಿಕೊಂಡೇ ಬಂದ ಮರಿಲಿಂಗಮ್ಮ ಖಾಜಾಹುಸೇನನ ಚಹಾ ಅಂಗಡಿಯ ಮುಂದೆ ಅವರನ್ನು ಅಡ್ಡಗಟ್ಟಿದಳು.

“ಸಾವಕಾರ್ರ, ಗುಡ್ಡಾ ಯಾಕ ಸುಟ್ರಿ?”

“ಅಲ್ಲೇನಿತ್ತಬೇ ಸುಡಾಕ? ಕಲ್ಲು, ಮುಳ್ಳು, ಹುಳಾ. ಹುಳಾ ಸತ್ತಾವಂತ ಕಣ್ಣೀರ ಹಾಕಾಕಿನ್ನ ಇವತ್ತ ನೋಡಿದೆ ನೋಡು.”

ಅಂಗಡಿಯಲ್ಲಿದ್ದವರು ನಕ್ಕರು. ಚಹಾ ಕುಡಿಸುವವರು ಸಾವಕಾರರೇ ಆದ್ದರಿಂದ ನಗಲೇಬೇಕಿತ್ತು. ಮರಿಲಿಂಗಮ್ಮ ನಕ್ಕವರ ಮುಖವನ್ನು ಒಂದೊಂದಾಗಿ ನೋಡಿ, ಎಂಟು ಹೆಸರನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡು ಮನೆಗೆ ಹೋದಳು. ಒಂಬತ್ತನೆಯದು ಸಾವಕಾರರದು. ಅದಕ್ಕೆ ಗಂಟು ಬೇಕಾಗಿರಲಿಲ್ಲ.

ವರ್ಷ ತಿರುಗಿತು. ಈ ಯುಗಾದಿ ಮುಗಿದ ಮೇಲೆ ಸರ್ವೆಯವರು ಅಳೆಯಲು ಬರುತ್ತಾರೆಂದು ಸುದ್ದಿ ಹಬ್ಬಿತು. ಅವರು ಬಂದು ಅಳೆದರೆ ಇಳಿಜಾರು ಹೋದಂತೆಯೇ. ಆ ಹೊತ್ತಿಗೆ ಸಾವಕಾರರು ಗುಡ್ಡದ ಬುಡದಲ್ಲಿ ನಾಲ್ಕು ಎಕರೆ ಸೂರ್ಯಪಾನ, ಅಂದರೆ ಸೂರ್ಯಕಾಂತಿ, ಬಿತ್ತಿದ್ದರು. ಹೂ ಬಿಚ್ಚತೊಡಗಿದಾಗ ಮುಂಜಾನೆ ಜನರನ್ನು ಕರೆದು ತೋರಿಸುತ್ತಿದ್ದರು. ಹೂಗಳೆಲ್ಲ ಮುಖ ತಿರುಗಿಸಿದ್ದು ಸೂರ್ಯನ ಕಡೆಗಲ್ಲ, ತಮ್ಮ ಕಡೆಗೆ ಎಂಬಂತೆ ನಿಲ್ಲುತ್ತಿದ್ದರು.

ಗ್ರಾಮಸೇವಕ ಮೌನಪ್ಪ ಬಂದವನು ಬದುವಿನ ಮೇಲೆ ಕಿವಿಗೊಟ್ಟು ನಿಂತ.

“ಸಪ್ಪಳಾನ ಇಲ್ಲಲ್ರಿ ಸಾವಕಾರ್ರ?”

“ಹೂವು ಸಪ್ಪಳಾ ಮಾಡ್ತಾವೇನ್ರಿ?”

“ಹೂವಲ್ರಿ, ಜೇನು. ಒಂದು ಹುಳಾನೂ ಇಲ್ಲ. ಹುಳಾ ಕೂಡದಿದ್ರ ಕಾಳೆಲ್ಲಾ ಜೊಳ್ಳ ಆಗ್ತಾವ.”

ಅವನು ಬಿಡಿಸಿ ಹೇಳಿದ. ಈ ಹೂ ಅಂಚಿನಿಂದ ನಡುವಿಗೆ ದಿನಕ್ಕೊಂದು ಸುತ್ತು ಬಿಚ್ಚುತ್ತದೆ. ಅಂಗೈಗೆ ಮೆತ್ತನೆಯ ಅರಿವೆ ಸುತ್ತಿಕೊಂಡು, ಬಿಸಿಲೇರುವುದರೊಳಗೆ ಪ್ರತಿ ಹೂವಿನ ಮುಖ ಒರೆಸುತ್ತ ಹೋಗಬೇಕು. ಹುಳ ಮಾಡುತ್ತಿದ್ದುದನ್ನು ಮನುಷ್ಯ ಮಾಡಬೇಕು. ನಾಲ್ಕು ಎಕರೆಗೆ ಕಡಿಮೆಯೆಂದರೂ ಇಪ್ಪತ್ತು ಜನ.

ಊರಲ್ಲಿ ಇಪ್ಪತ್ತು ಹೆಣ್ಣಾಳು ಒಟ್ಟಿಗೆ ಬೇಕೆಂದರೆ ಮರಿಲಿಂಗಮ್ಮನನ್ನು ಕೇಳಬೇಕು. ಸಾವಕಾರರ ಹೆಂಡತಿ ಗೊಲ್ಲಾಳಮ್ಮನವರೇ ಆಕೆಯ ಮನೆಗೆ ಬಂದರು.

“ಮರಿಲಿಂಗವ್ವ, ನಾಳೆ ಮಂದಿನ್ನ ಕರ್ಕೊಂಡು ಬಾರಬೇ. ದುಪ್ಪಟ್ಟು ಕೂಲಿ ಕೊಡ್ತೀವಿ ಅಂದಾರ.”

“ಯವ್ವಾ, ನಾವು ಮನಷ್ಯಾರು. ಸಾವಕಾರಗ ಬೇಕಾಗಿದ್ದು ಹುಳಾ. ಗುಡ್ಡದ ಮ್ಯಾಲ ಬೂದಿ ಐತಿ, ಅದರಾಗ ಹುಡುಕ್ಲಿ ಅಂತ ಹೇಳ್ರಿ.”

ಸುತ್ತಲ ಹಳ್ಳಿಗಳಲ್ಲಿ ಎಲ್ಲರೂ ಮೆಣಸಿನಕಾಯಿ ಬಿಡಿಸಲು ಹೋಗಿದ್ದರು. ಮರುದಿನ ಸಾವಕಾರರು, ಗೊಲ್ಲಾಳಮ್ಮ ಮತ್ತು ಒಬ್ಬ ಆಳು, ಅಂಗೈಗೆ ಹಳೆಯ ಧೋತರದ ಚೂರು ಸುತ್ತಿಕೊಂಡು ಹೊಲಕ್ಕಿಳಿದರು.

ಗುಡ್ಡದ ಮೇಲೆ ಆಗ ಹೆಂಗಸರೆಲ್ಲ ತರಗು ಗುಡಿಸುತ್ತಿದ್ದರು. ಸುಟ್ಟ ಮುತ್ತಲದ ಬುಡಗಳಲ್ಲಿ ಕೆಂಪಗೆ ಚಿಗುರೊಡೆದಿತ್ತು. ಮರಿಲಿಂಗಮ್ಮ ಆಡು ಬಾಯಿ ಹಾಕದಂತೆ ಒಂದೊಂದಕ್ಕೂ ಬಾರಿಮುಳ್ಳು ಒಡ್ಡುತ್ತಿದ್ದಳು. ಮುಳ್ಳು ಚುಚ್ಚಿದಾಗಲೆಲ್ಲ ಕೆಳಗೆ ನೋಡುತ್ತಿದ್ದಳು. ನೋಡಿದರೆ ನೋವು ಇಳಿಯುತ್ತಿತ್ತು. ಸಾವಕಾರರು ಹೂವಿನಿಂದ ಹೂವಿಗೆ ಹೋಗುತ್ತಿದ್ದರು. ಮೂಗು ಹಳದಿ, ಮೀಸೆ ಹಳದಿ. ನಾಲ್ಕು ಹೂವಿಗೊಂದು ಸೀನು.

ಆಡು ಸಾಕಿದ ಮಸ್ತಾನಬಿ ಬಂಡೆಯ ಮೇಲೆ ನಿಂತು ಕೂಗಿದಳು: “ಸಾವಕಾರ್ರ, ಗುಂಯ್ ಅನ್ರಿ! ಸಪ್ಪಳಾ ಇಲ್ಲಂದ್ರ ಹೂವಿಗೆ ಗುರ್ತ ಸಿಗಂಗಿಲ್ಲ!”

ಗುಡ್ಡವೆಲ್ಲ ನಕ್ಕಿತು. ಈ ಸಲ ಯಾರೂ ಚಹಾ ಕುಡಿಸಿರಲಿಲ್ಲ.

ಮೂರನೆಯ ದಿನಕ್ಕೆ ಒಂದು ಎಕರೆಯೂ ಮುಗಿದಿರಲಿಲ್ಲ. ಸಾವಕಾರರು ಸೊಂಟ ಹಿಡಿದುಕೊಂಡು ಗುಡ್ಡ ಹತ್ತಿ ಬಂದರು.

“ಮರಿಲಿಂಗಮ್ಮ, ಆಗಿದ್ದು ಆಗಿ ಹೋತು.”

“ಯಾರಿಗೆ ಆಗಿ ಹೋತ್ರಿ?”

“ಈಗ ಏನು ಬೇಕು, ಅದನ್ನರೆ ಹೇಳು.”

“ಕಲ್ಲ ಕೀಳ್ರಿ.”

“ನಾಳೆ ಆಳಿಗೆ ಹೇಳ್ತೀನಿ.”

“ಅವತ್ತು ಅಂಗಡಿ ಮುಂದ ಅಂದಾವ ಆಳಲ್ರಿ, ನೀವು.”

ಸಾವಕಾರರು ಹಾರೆ ಹಿಡಿದರು. ಹನ್ನೊಂದು ಕಲ್ಲು ಕೀಳುವ ತನಕ ಇಪ್ಪತ್ತು ಹೆಂಗಸರು ನೆರಳಲ್ಲಿ ಕೂತು, ಬಿಡುವಿಲ್ಲದೆ ಸಲಹೆ ಕೊಟ್ಟರು. ಕೊನೆಯ ಕಲ್ಲು ಉರುಳಿದ ಮೇಲೆ ಅವರು ಬೆವರೊರೆಸಿಕೊಂಡು, “ಇನ್ನರೆ ನಡೀರಿ” ಎಂದರು.

“ನಡೀತೀವಿ. ಕೆಳಗಿನ ಎರಡೆಕರೆಕ. ಮ್ಯಾಲಿನ ಎರಡೆಕರೆ, ನೀವು ಶಹಾಪುರಕ್ಕ ಹೋಗಿ ಅರ್ಜಿ ವಾಪಸ್ ತೊಗೊಂಡು ಕಾಗದಾ ತಂದ ಮ್ಯಾಲ.”

“ಅಲ್ಲಿತನಾ ಹೂವು ತಡೀತಾವೇನಬೇ?”

“ಇಲ್ರಿ. ಅದಕ್ಕ ಲಗೂ ಹೋಗ್ರಿ.”

ಸಾವಕಾರರು ಅಂದೇ ಬಸ್ಸು ಹತ್ತಿದರು. ಹೋಗಿ ನೋಡಿದರೆ ಯುಗಾದಿಯ ರಜೆ, ಅದರ ಬೆನ್ನಿಗೊಂದು ಭಾನುವಾರ. ಊರಿಗೆ ಬರುವುದು, ಬಿಚ್ಚುತ್ತಿರುವ ಹೂ ನೋಡುವುದು, ಮತ್ತೆ ಹೋಗುವುದು. ಕೆಳಗಿನ ಎರಡು ಎಕರೆಯಲ್ಲಿ ಅರಿವೆಗಳು ಸರಸರನೆ ಓಡುತ್ತಿದ್ದವು. ಮೇಲಿನ ಎರಡು ಎಕರೆ ಬಾಯಿ ತೆರೆದು ಸುಮ್ಮನೆ ನಿಂತಿತ್ತು. ಅಂತೂ ನಾಲ್ಕನೆಯ ದಿನ ಕಾಗದ ಬಂತು. ಮರಿಲಿಂಗಮ್ಮ ಅದನ್ನು ಮೌನಪ್ಪನಿಂದ ಮೂರು ಸಲ ಓದಿಸಿದಳು. ಮೂರೂ ಸಲ ಒಂದೇ ಅರ್ಥ ಬಂದ ಮೇಲೆ ಅರಿವೆ ಸುತ್ತಿಕೊಂಡಳು.

ಆಕೆ ಒರೆಸುವ ರೀತಿ ನೋಡಿ ಗೊಲ್ಲಾಳಮ್ಮ ಗಾಬರಿಯಾದರು. “ಮೆಲ್ಲಕ ಬೇ, ಹೂವಿನ ಮಾರಿ ಕಿತ್ತು ಹೋದೀತು.”

“ನೆನಪಾದ್ರ ಕೈ ತಡಿಯಂಗಿಲ್ರಿ ಯವ್ವಾ” ಎಂದು ಆಕೆ ಮುಂದಿನ ಹೂವಿಗೆ ಹೋದಳು.

ಬೆಳೆ ಕೊಯ್ದು ಕಣಕ್ಕೆ ಹಾಕಿದಾಗ ಸಾವಕಾರರು ಮೇಲಿನ ಹೊಲದ ಹೂವೊಂದನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ನಡುವೆ ಕಾಳು ಗಟ್ಟಿಯಾಗಿ ತುಂಬಿತ್ತು. ಅಂಚಿಗೆ ಮೂರು ಬೆರಳು ಅಗಲಕ್ಕೆ ಸುತ್ತಲೂ ಬರೀ ಜೊಳ್ಳು. ಇನ್ನೊಂದನ್ನು ಎತ್ತಿದರು. ಅದೂ ಹಾಗೆಯೇ.

“ಏನಿದು? ಅಳತಿ ಹಿಡಿದು ಮಾಡಿದಂಗ ಐತಲ್ಲ!”

“ನಡುವಿಂದು ನಾವು ಬಂದ ಮ್ಯಾಲಿಂದು ರೀ,” ಎಂದಳು ಕಾಳು ಬಡಿಯುತ್ತಿದ್ದ ಮರಿಲಿಂಗಮ್ಮ. “ಸುತ್ತಿಂದು ನೀವು ಬಸ್ಸಿನ್ಯಾಗ ಓಡ್ಯಾಡಿದ ದಿನದ್ದು.”

ಕೋಲು ಕೆಳಗಿಟ್ಟು ಆಕೆ ಅವರ ಮುಂದೆಯೇ ಕೂತಳು. ಅಂಚಿನ ಜೊಳ್ಳುಕಾಳುಗಳನ್ನು ಹೆಬ್ಬೆರಳ ಉಗುರಿನಿಂದ ಒಂದೊಂದಾಗಿ ಒತ್ತತೊಡಗಿದಳು. ಚಟ್. ಒಳಗೇನಿಲ್ಲ. ಚಟ್. ಒಳಗೇನಿಲ್ಲ. ಅವಸರವೇ ಇರಲಿಲ್ಲ ಆಕೆಗೆ.

“ಸಾಕು ಬಿಡಬೇ,” ಎಂದರು ಸಾವಕಾರರು.

“ಇನ್ನೂ ಭಾಳ ಅದಾವ್ರಿ,” ಎಂದು ಮರಿಲಿಂಗಮ್ಮ ರಾಶಿಯಿಂದ ಮತ್ತೊಂದು ಹೂ ಎಳೆದುಕೊಂಡಳು.