ಮನೆಗಾಡಿಗೆ ಮರಮ್ಮ ಬಿಗಿದ ಟಾರ್ಪಾಲು

ಹುಣಸೂರು ಸೀಮೆಯಲ್ಲಿ ಹೊಗೆಸೊಪ್ಪಿನ ಕೆಲಸ ಬಲ್ಲವರಿಗೇನು ಬರವಿಲ್ಲ. ಆದರೆ ಮರಮ್ಮನ ಕೈಯೇ ಬೇರೆ, ಸುಳ್ಳು ಯಾಕೆ ಹೇಳಬೇಕು? ಸೊಪ್ಪು ಬೇಯಿಸುವ ಗೂಡಾದ ಬ್ಯಾರನ್ನಿನಲ್ಲಿ ಹದವಾಗಿ ಬೆಂದ ಸೊಪ್ಪನ್ನು ರಾಶಿ ಒಟ್ಟಿ, ಗೋಣಿತಾಟು ಹೊದಿಸಿ, ಮೇಲೆ ಟಾರ್ಪಾಲು ಎಳೆದು ಬಿಗಿದಳೆಂದರೆ ಒಳಗೆ ಗಾಳಿ ಸುಳಿಯುತ್ತಿರಲಿಲ್ಲ. ಗಾಳಿ ಹೊಕ್ಕರೆ ಸೊಪ್ಪು ಹಪ್ಪಳದ ಹಾಗೆ ಪುಡಿಯಾಗುತ್ತದೆ. ಮೂವತ್ತು ವರ್ಷದಲ್ಲಿ ಅವಳು ಮುಚ್ಚಿದ ಒಂದು ರಾಶಿಯೂ ಕೆಟ್ಟಿರಲಿಲ್ಲ. ಆ ಜಂಬ ಅವಳಿಗಿತ್ತು. ಇರಲಿ ಬಿಡಿ, ಕೂಲಿ ಮಾಡುವವರಿಗೆ ಜಂಬ ಇರಬಾರದು ಅಂತ ಕಾನೂನೇನಾದರೂ ಇದೆಯೇ?

ಅವಳು ಕೂಲಿ ಮಾಡುವ ಜಮೀನಿನ ಯಜಮಾನರಾದ ಕಾಂತರಾಜ್ ಇರುವುದು ಮೈಸೂರಿನಲ್ಲಿ. ಮೇ ತಿಂಗಳ ಕೊನೆಗೆ ತಮ್ಮ ಕ್ಯಾರವಾನನ್ನು ತಂದು ಬ್ಯಾರನ್ನಿನ ಅಂಗಳದಲ್ಲಿ ನಿಲ್ಲಿಸಿದರು. ಹಾಸಿಗೆ, ಒಲೆ, ಬೀರು ಎಲ್ಲ ಒಳಗೇ ಇದ್ದ ಆ ವಾಹನಕ್ಕೆ ಮರಮ್ಮ ಮನೆಗಾಡಿ ಅಂತ ಹೆಸರಿಟ್ಟಳು. ಗಂಡಹೆಂಡಿರು ಅದರಲ್ಲಿ ಊರೂರು ಸುತ್ತಿದವರು. ಈಗ ಹೆಂಡತಿ ಪುಷ್ಪಾ ಶ್ವಾಸಕೋಶ ಕೆಟ್ಟು ಆಸ್ಪತ್ರೆಯಲ್ಲಿದ್ದರು.

"ದಸರಾ ಕಳೀಲಿ ಮರಮ್ಮ, ಇದರಲ್ಲೇ ಅವಳನ್ನ ಕಬಿನಿ ದಡಕ್ಕೆ ಕರ್ಕೊಂಡು ಹೋಗ್ತೀನಿ. ಇನ್ನೊಂದೇ ಸಲ ಅಂತ ಜೀವ ಹಿಡ್ಕೊಂಡಿದ್ದಾಳೆ. ಮಳೆ ಬಿಸಿಲು ತಾಗದ ಹಾಗೆ ನೋಡ್ಕೋ," ಅಂದರು ಕಾಂತರಾಜ್. ಗಾಡಿಗೆಂದೇ ಹೊಲಿಸಿದ ಬಟ್ಟೆಯ ಹೊದಿಕೆ ಕೊಟ್ಟರು. ಚಾವಣಿಯ ಗಾಳಿಕಿಂಡಿ ಮುಚ್ಚಬೇಡ ಅಂತಲೂ ಹೇಳಿದರು.

ಅವರ ಕಾರು ಮರೆಯಾದ ಮೇಲೆ ಮರಮ್ಮ ಆ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. "ಈ ತೆಳ್ಳನೆ ಬಟ್ಟೆ ಮಳೆ ತಡೀತದಾ? ಪ್ಯಾಟೆಯೋರಿಗೇನು ಗೊತ್ತು," ಅಂದಳು. ಕಿಂಡಿ ಮುಚ್ಚಿದಳು. ಕಿಟಕಿಯ ಸಂದಿಗಳಿಗೆ ಪೇಪರ್ ತುರುಕಿದಳು. ಎರಡು ಟಾರ್ಪಾಲು ಹೊದಿಸಿ, ಚಕ್ರಕ್ಕೆ ಹಗ್ಗ ಸುತ್ತಿ, ಸೊಪ್ಪಿನ ರಾಶಿಯನ್ನು ಬಿಗಿದ ಹಾಗೇ ಬಿಗಿದಳು. ನಾಲ್ಕು ತಿಂಗಳ ಮಳೆಯಲ್ಲಿ ದಿನಾ ಹೋಗಿ ಹಗ್ಗ ಎಳೆದು ನೋಡಿದಳೇ ಹೊರತು ಒಂದು ದಿನವೂ ಬಾಗಿಲು ತೆಗೆಯಲಿಲ್ಲ.

ದಸರಾ ಕಳೆಯಿತು. ಯಜಮಾನರು ನಾಳೆ ಬರುತ್ತಾರೆ ಅಂತ ಸುದ್ದಿ ಬಂದಾಗ ಹಗ್ಗ ಬಿಚ್ಚಿ ಬಾಗಿಲು ತೆಗೆದಳು. ಅಯ್ಯೋ ಶಿವನೇ! ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತು. ಒಂದು ಹನಿ ಮಳೆಯೂ ಒಳಗೆ ಬಿದ್ದಿರಲಿಲ್ಲ, ಆದರೆ ಒಳಗಿನ ತೇವ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಹಾಸಿಗೆ, ಪರದೆ, ಗೋಡೆಯ ಹಲಗೆ, ಎಲ್ಲದಕ್ಕೂ ಬೂಷ್ಟು ಹಿಡಿದಿತ್ತು.

ಸೊಸೆ ಸುಕನ್ಯ ಬಕೆಟ್ಟು ತಂದಳು. ಇಬ್ಬರೂ ಸಂಜೆಯವರೆಗೆ ಒರೆಸಿದರು. ಕಣ್ಣಿಗೆ ಏನೂ ಕಾಣದ ಹಾಗಾಯಿತು, ವಾಸನೆ ಮಾತ್ರ ಹೋಗಲಿಲ್ಲ. "ಸಾಂಬ್ರಾಣಿ ಹಾಕಿಬುಡು ಅತ್ತೆ, ಯಾರ್ಗೆ ಗೊತ್ತಾಯ್ತದೆ?" ಅಂದಳು ಸುಕನ್ಯ. ಮರಮ್ಮ ಹಾಕಿದಳು.

ಮರುದಿನ ಪುಷ್ಪಾ ಕಾರಿನಿಂದ ಇಳಿದರು. ಮೈ ಅರ್ಧಕ್ಕರ್ಧ ಇಳಿದುಹೋಗಿತ್ತು. ಎರಡು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಂಡು, ಗಾಡಿಯನ್ನು ನೋಡಿ ನಕ್ಕರು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟರು. ಆ ಉಸಿರಿನ ಸದ್ದು ಕೇಳಿ ಮರಮ್ಮನಿಗೆ ತಡೆಯಲಾಗಲಿಲ್ಲ. ಓಡಿ ಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ಹತ್ತಬ್ಯಾಡಿ ಅಮ್ಮಾವ್ರೇ. ಒಳಗೆಲ್ಲ ಬೂಷ್ಟು ಬಂದದೆ. ಯಜಮಾನ್ರು ಬ್ಯಾಡ ಅಂದ್ರೂ ನಾನೇ ಕಿಂಡಿ ಮುಚ್ಚಿದ್ದು. ನಾನೇ ಕೆಡಿಸಿದ್ದು."

ಕಾಂತರಾಜ್ ಸಿಡಿದೆದ್ದರು. "ಅಷ್ಟು ಹೇಳಿ ಹೋಗಿದ್ನಲ್ಲೇ! ಡಾಕ್ಟ್ರು ಧೂಳೇ ಆಗಬಾರದು ಅಂದಿದ್ದಾರೆ, ನೀನು..." ಬ್ಯಾರನ್ನಿನ ಗೋಡೆಯ ಕಡೆ ತಿರುಗಿ ನಿಂತರು. ಮರಮ್ಮ ತಲೆ ಎತ್ತಲಿಲ್ಲ. ಯಾವ ಮುಖ ಇಟ್ಟುಕೊಂಡು ಎತ್ತುವುದು?

ಪುಷ್ಪಾ ಇಟ್ಟ ಕಾಲನ್ನು ನಿಧಾನವಾಗಿ ಕೆಳಗಿಳಿಸಿದರು. ಆಮೇಲೆ, "ಒಂದು ರಾತ್ರಿ ಇದರಲ್ಲಿ ಮಲಗೋಣ ಅಂತ ಬಂದೆ ಕಣಮ್ಮ. ಹೋಗಲಿ, ನನ್ನ ತಲೆದಿಂಬಾದರೂ ತಂದುಕೊಡು. ಮನೇಲೇ ಹಾಕ್ಕೊಂಡು ಮಲಗ್ತೀನಿ," ಅಂದರು.

ಮರಮ್ಮನ ಕಣ್ಣಲ್ಲಿ ನೀರು ಸುರಿಯಿತು. "ಅದೂ ಆಗಾಕಿಲ್ಲ ಅಮ್ಮಾವ್ರೇ. ಆ ದಿಂಬಿಗೇ ಬೂಷ್ಟು ಜಾಸ್ತಿ ಹಿಡಿದದೆ," ಅಂದಳು.